ಧನುರ್ಮಾಸದ ಒಂದು ಮುಹೂರ್ತ



ಕಳೆದ ಧನುರ್ಮಾಸದಲ್ಲಿ ಒಂದು ದಿನ ನಮ್ಮ ಮಠದಲ್ಲಿ ಪ್ರಾತಃಕಾಲದ ಮಂಗಳಾರತಿ ಮುಗಿದು ತೀರ್ಥವಿನಿಯೋಗವಾಗುತ್ತಿತ್ತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ತರುಣರೊಬ್ಬರು, "ಆಚಾರ್ಯರೇ, ತಾವು ನಿನ್ನೆಯ ಉಪನ್ಯಾಸದಲ್ಲಿ ನಿತ್ಯವೂ ಸ್ವಲ್ಪ ಹೊತ್ತು ಸ್ಥಿರವಾಗಿ ಕುಳಿತು ಧ್ಯಾನ ಮಾಡಬೇಕೆಂದು ಹೇಳಿದಿರಿ. ಎಲ್ಲವೂ ಸರಿಯೇ. ಆದರೆ ಸಮಯವನ್ನು ಎಲ್ಲಿಂದ ತರೋಣ?" ಎಂದು ಕೇಳಿದರು. ಕೇಳುವಾಗ ಅವರ ಬಲಗೈ ತೀರ್ಥಕ್ಕಾಗಿ ಮುಂದೆ ಚಾಚಿತ್ತು. ಕಣ್ಣು ಮಾತ್ರ ಎಡಗೈಯ ಗಡಿಯಾರದ ಮೇಲಿತ್ತು. ಅವರು ಹಿಡಿಯಬೇಕಾಗಿದ್ದ ಲೋಕಲ್ ಗಾಡಿಗೆ ಇನ್ನು ಹದಿನಾಲ್ಕೇ ನಿಮಿಷ ಉಳಿದಿದ್ದವೆಂದು ಅನಂತರ ತಿಳಿಯಿತು.

ನಾನು ಆಚಾರ್ಯನಲ್ಲ, ನಿವೃತ್ತನಾದ ರೇಲ್ವೆ ಅಧಿಕಾರಿ. ಆದರೆ ಈ ಊರಿನ ಮಠಗಳಲ್ಲಿ ಪಂಚೆಯುಟ್ಟು ಗೋಪೀಚಂದನ ಹಚ್ಚಿ ನಾಲ್ಕು ಸಂಸ್ಕೃತವಾಕ್ಯ ಹೇಳಬಲ್ಲವರೆಲ್ಲರೂ ಆಚಾರ್ಯರೇ ಆಗಿಬಿಡುತ್ತಾರೆ. ಆ ಸಂಬೋಧನೆಯ ಗೌರವವನ್ನಾದರೂ ಉಳಿಸಿಕೊಳ್ಳುವ ಉತ್ತರವನ್ನು ನಾನು ಕೊಡಬೇಕಾಗಿತ್ತು. ಕೊಡಲಿಲ್ಲ. "ಮನಸ್ಸಿದ್ದರೆ ಮಾರ್ಗ" ಎಂದು ಒಂದು ಮಾತು ಹೇಳಿ ಮುಂದೆ ಸರಿದೆ. ಅವರು ತೀರ್ಥ ಸ್ವೀಕರಿಸಿ, ಪ್ರಸಾದದ ಹುಗ್ಗಿಯ ದೊನ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದರು. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಾಧಿಸುತ್ತಿದೆ. ಅದೇ ಪ್ರಶ್ನೆಯನ್ನು ಮೂವತ್ತಾರು ವರ್ಷ ನಾನೂ ಕೇಳಿದ್ದೆನು. ಅದಕ್ಕೆ ನಾನು ಕೊಟ್ಟುಕೊಂಡ ಉತ್ತರ ತಪ್ಪಾಗಿತ್ತು.

ಮೊದಲು ಕಾಲದ ಲೆಕ್ಕವನ್ನೇ ನೋಡೋಣ. ಅದು ನನಗೆ ಪರಿಚಿತವಾದ ವಿಷಯ.

ಸೂರ್ಯನು ಧನುರಾಶಿಯಲ್ಲಿರುವ ಕಾಲ ಧನುರ್ಮಾಸ. ಡಿಸೆಂಬರ್ 16ರ ಸುಮಾರಿಗೆ ಆರಂಭವಾಗಿ ಜನವರಿ 14 ಅಥವಾ 15ರ ಮಕರಸಂಕ್ರಮಣದವರೆಗೆ ಇರುತ್ತದೆ. ಮನುಷ್ಯರ ಒಂದು ವರ್ಷ ದೇವತೆಗಳಿಗೆ ಒಂದು ಅಹೋರಾತ್ರ. ಉತ್ತರಾಯಣ ಅವರ ಹಗಲು, ದಕ್ಷಿಣಾಯನ ಅವರ ರಾತ್ರಿ. ಅಹೋರಾತ್ರಕ್ಕೆ ಅರವತ್ತು ಘಳಿಗೆಗಳಾದ್ದರಿಂದ ನಮ್ಮ ಒಂದು ತಿಂಗಳು ಅವರಿಗೆ ಐದು ಘಳಿಗೆ, ಅಂದರೆ ಎರಡು ಗಂಟೆ. ಆ ಲೆಕ್ಕದಲ್ಲಿ ಧನುರ್ಮಾಸವು ದೇವತೆಗಳ ರಾತ್ರಿಯ ಕೊನೆಯ ಎರಡು ಗಂಟೆ, ಅವರ ಅರುಣೋದಯದ ಹೊತ್ತು. ನಮ್ಮ ಬೆಳಗಿನ ಜಾವದಲ್ಲಿ ನಾವು ಎದ್ದರೆ ಎರಡು ಬೆಳಗುಗಳು ಒಂದರೊಳಗೊಂದು ಸೇರುತ್ತವೆ. ಈ ಮಾಸದ ಪೂಜೆಗೆ ಹಿರಿಯರು ಅಷ್ಟು ಫಲವನ್ನು ಹೇಳಿರುವುದರ ಹಿಂದೆ ಈ ಭಾವವಿದೆ. ಮಾಸಗಳಲ್ಲಿ ಮಾರ್ಗಶೀರ್ಷವು ತನ್ನ ವಿಭೂತಿಯೆಂದು ಭಗವಂತನು ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಹೇಳಿರುವುದೂ ತಮಗೆಲ್ಲ ತಿಳಿದದ್ದೇ. ಸೂರ್ಯನು ವಸ್ತುತಃ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೇ, ಮಕರಸಂಕ್ರಮಣ ಅದಕ್ಕಿಂತ ಇಪ್ಪತ್ತನಾಲ್ಕು ದಿನಗಳಷ್ಟು ತಡವಾಗಿ ಬರುತ್ತದೆ ಎಂದು ಲೆಕ್ಕ ಬಲ್ಲ ಕೆಲವರು ಆಕ್ಷೇಪಿಸುವುದುಂಟು. ಲೆಕ್ಕ ಸರಿಯೇ. ಆದರೆ ಆ ವಿಚಾರವನ್ನು ಪಂಚಾಂಗಕರ್ತರಿಗೆ ಬಿಟ್ಟು ನಾವು ಏಳುವ ವಿಚಾರ ಮಾಡುವುದು ಲೇಸು.

ಒಂದು ಮುಹೂರ್ತವೆಂದರೆ ಎರಡು ಘಳಿಗೆ, 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ ಮುಂಚೆ, ಅಂದರೆ 96 ನಿಮಿಷ ಮೊದಲು, ಬ್ರಾಹ್ಮೀಮುಹೂರ್ತ ಆರಂಭವಾಗುತ್ತದೆ. ಇಲ್ಲಿ ನಗರವಾಸಿಗಳು ಗಮನಿಸಬೇಕಾದ ಒಂದು ಅಂಶವಿದೆ. ನಮ್ಮ ಹಿರಿಯರಿಗೆ ಗಡಿಯಾರವೆಂದರೆ ಸೂರ್ಯನೇ. ನಮಗೋ ದೇಶಕ್ಕೆಲ್ಲ ಒಂದೇ ಗಡಿಯಾರ. ರೇಲ್ವೆಗಳು ಬಹುಕಾಲ ಮದರಾಸಿನ ಕಾಲಮಾನವನ್ನು ಅನುಸರಿಸುತ್ತಿದ್ದವು. 1906ರಿಂದ ಎಂಬತ್ತೆರಡೂವರೆ ಅಂಶದ ರೇಖಾಂಶವನ್ನು ಹಿಡಿದು ಭಾರತೀಯ ಪ್ರಮಾಣಕಾಲ ಬಂದಿತು. ಮುಂಬಯಿಯು ಆ ರೇಖೆಯಿಂದ ಹತ್ತು ಅಂಶಗಳಷ್ಟು ಪಶ್ಚಿಮಕ್ಕಿರುವುದರಿಂದ ಇಲ್ಲಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು 39 ನಿಮಿಷ ಹಿಂದೆ. ಜನವರಿ ಮೊದಲ ವಾರದಲ್ಲಿ ಚೆನ್ನೈಯಲ್ಲಿ ಸೂರ್ಯೋದಯ 6-32ರ ಸುಮಾರಿಗೆ, ಹೈದರಾಬಾದಿನಲ್ಲಿ 6-46, ಪುಣೆಯಲ್ಲಿ 7-07, ಮುಂಬಯಿಯಲ್ಲಿ 7-12, ದಿಲ್ಲಿಯಲ್ಲಿ 7-14. ಆದ್ದರಿಂದ ಚೆನ್ನೈಯ ಭಕ್ತರು ಬ್ರಾಹ್ಮೀಮುಹೂರ್ತಕ್ಕೆ 4-56ಕ್ಕೆ ಕೂಡಬೇಕಾದರೆ ಮುಂಬಯಿಯವರಿಗೆ 5-36, ದಿಲ್ಲಿಯವರಿಗೆ 5-38. ನಕ್ಷತ್ರಗಳು ಕಾಣುತ್ತಿರುವಾಗ ಮಾಡಿದ್ದು ಉತ್ತಮ, ಅವು ಮರೆಯಾದ ಮೇಲೆ ಮಧ್ಯಮ, ಸೂರ್ಯ ಮೂಡಿದ ಮೇಲೆ ಅಧಮ ಎಂಬ ನಿಯಮವನ್ನು ಕೇಳಿ, "ಮೂರೂವರೆಗೆ ಏಳುವುದು ನಮ್ಮಿಂದಾಗದು" ಎಂದು ಹೆದರಿ ಕೈಬಿಡುವವರನ್ನು ನಾನು ಈ ಊರಿನಲ್ಲಿ ಎಷ್ಟೋ ಕಂಡಿದ್ದೇನೆ. ಮುಂಬಯಿಯಲ್ಲಿ ಪೌಷದ ಬೆಳಗಿನ ಐದೂವರೆಗೆ ಆಕಾಶದ ತುಂಬ ನಕ್ಷತ್ರಗಳಿರುತ್ತವೆ. ಎತ್ತರದ ಕಟ್ಟಡಗಳ ನಡುವೆ ಕಾಣುವಷ್ಟು ಆಕಾಶವಿದ್ದರೆ.

ಹೀಗೆ ಕಾಲದ ಲೆಕ್ಕದಿಂದ ಆ ತರುಣರಿಗೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಗಡಿಯಾರದಲ್ಲಿಲ್ಲ. ಅದಕ್ಕೆ ನನ್ನ ಕಥೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ, ಕ್ಷಮಿಸಬೇಕು.

ನಾನು 1983ರಲ್ಲಿ ಸೇವೆಗೆ ಸೇರಿದೆ. ಗಾಡಿಗಳನ್ನು ಓಡಿಸುವ ವಿಭಾಗದಲ್ಲಿ ಕೆಲಸ. ಮನೆಯಲ್ಲಿಯೂ ಕಂಟ್ರೋಲಿನ ಫೋನು. 1998ರ ಚಳಿಗಾಲದಲ್ಲಿ ನನ್ನ ತಾಯಿ ಬಿಜಾಪುರದ ಕಡೆಯಿಂದ ಬಂದು ನಮ್ಮ ರೇಲ್ವೆ ಕ್ವಾರ್ಟರ್ಸಿನಲ್ಲಿದ್ದರು. ಧನುರ್ಮಾಸದಲ್ಲಿ ನಾಲ್ಕು ಗಂಟೆಗೆ ಎದ್ದು, ತಣ್ಣೀರಿನಲ್ಲಿಯೇ ಸ್ನಾನ ಮಾಡಿ, ದೀಪ ಹಚ್ಚಿ, ಹೆಸರುಬೇಳೆಯ ಹುಗ್ಗಿಯನ್ನು ನೈವೇದ್ಯಕ್ಕಿಟ್ಟು, ಊರಿನಿಂದ ತಂದಿದ್ದ ಹಳೆಯ ಮಣೆಯ ಮೇಲೆ ಕುಳಿತುಬಿಡುವರು. ಅರ್ಧ ಗಂಟೆ, ಮುಕ್ಕಾಲು ಗಂಟೆ, ಮಾತಿಲ್ಲ, ಅಲುಗಾಟವಿಲ್ಲ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಾನು ಫೋನಿನಲ್ಲಿ, ಯಾವ ಗೂಡ್ಸ್ ಗಾಡಿಯನ್ನು ಎಲ್ಲಿ ಲೂಪಿಗೆ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ಕೂಗಾಡುತ್ತಿರುವೆನು. ಒಂದು ಬೆಳಗ್ಗೆ ಅವರು ಜಪ ಮುಗಿಸಿ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿದರು: "ಏನಪಾ, ನಿನ್ನ ಗಾಡಿಗೋಳು ಒಂದಲ್ಲಾ ಒಂದ ಸ್ಟೇಶನ್ನಿನ್ಯಾಗ ನಿಲ್ತಾವ. ನೀ ಎಲ್ಲಿ ನಿಲ್ಲಾಂವ? ಒಂದ ದಿನಾ ನನ್ನ ಬಾಜೂ ಒಂದ ಗಳಿಗಿ ಕೂಡೋ." ನಾನು, "ಈ ವರ್ಷ ಆಗೂದಿಲ್ಲವ್ವಾ, ಮುಂದಿನ ಧನುರ್ಮಾಸಕ್ಕ ರಜಾ ಹಾಕಿ ಕೂಡ್ತೀನಿ" ಎಂದೆ. ಅವರು ಮತ್ತೆ ಕೇಳಲಿಲ್ಲ. ಬಂದ ಜ್ಯೇಷ್ಠದಲ್ಲಿ ಹರಿಪಾದ ಸೇರಿದರು.

ಅವರು ಕೇಳಿದ್ದು ಒಂದು ಘಳಿಗೆ. ಇಪ್ಪತ್ತನಾಲ್ಕು ನಿಮಿಷ.

ಆಮೇಲೆ ನಾನು ಹೇಳಿಕೊಂಡ ಸಮಾಧಾನವೇನೆಂದರೆ ನಿವೃತ್ತಿಯಾಗಲಿ, ಆಗ ಎಲ್ಲವನ್ನೂ ಮಾಡೋಣ ಎಂಬುದು. 2019ರಲ್ಲಿ ನಿವೃತ್ತನಾದೆ. ಆ ವರ್ಷದ ಧನುರ್ಮಾಸದಲ್ಲಿ ತಾಯಿಯ ಮಣೆಯನ್ನೇ ಹಾಕಿಕೊಂಡು, ಒಂದು ಮುಹೂರ್ತ ಕೂಡಬೇಕೆಂದು ಸಂಕಲ್ಪಿಸಿ ಕುಳಿತೆ. ಸಮಯಕ್ಕೆ ಕೊರತೆಯಿರಲಿಲ್ಲ, ಫೋನು ಬರುವಂತಿರಲಿಲ್ಲ. ಏಳು ನಿಮಿಷವಾಗುವಷ್ಟರಲ್ಲಿ ಕಾಲು ಜುಮ್ಮೆಂದವು. ಹನ್ನೊಂದನೆಯ ನಿಮಿಷಕ್ಕೆ ದೂರದ ಹಳಿಯ ಮೇಲೆ ಗಾಡಿಯ ಸಪ್ಪಳ ಕೇಳಿ, ಇದು ಅಪ್ ಗಾಡಿ, ಆರು ನಿಮಿಷ ತಡ ಎಂದು ಮನಸ್ಸು ಲೆಕ್ಕ ಹಾಕಿತು. ಕೈಯಲ್ಲಿ ತುಲಸೀಮಣಿ, ತಲೆಯಲ್ಲಿ ಟೈಮ್‌ಟೇಬಲ್. ಆ ದಿನ ನನಗೆ ನಿಜವಾಗಿ ಭಯವಾಯಿತು. ಸಮಯವಿಲ್ಲವೆಂದು ಮೂವತ್ತಾರು ವರ್ಷ ಯಾವುದನ್ನು ಮುಂದೂಡಿದ್ದೆನೋ, ಸಮಯ ಬಂದಾಗ ಅದು ನನಗೆ ಸಾಧ್ಯವಾಗುವ ಸ್ಥಿತಿಯಲ್ಲಿರಲಿಲ್ಲ. ಮುದುಕನ ಮೊಣಕಾಲಿನಂತೆಯೇ ಮನಸ್ಸೂ ಬಾಗದಾಗಿತ್ತು.

ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಕ್ಕದು ಎಂದು ಅರ್ಜುನನೇ ಗೀತೆಯ ಆರನೆಯ ಅಧ್ಯಾಯದಲ್ಲಿ ದೂರಿಕೊಂಡಿದ್ದಾನೆ. ಭಗವಂತನು ಆ ದೂರನ್ನು ಅಲ್ಲಗಳೆಯಲಿಲ್ಲ. ಕಷ್ಟವೆಂಬುದನ್ನು ಒಪ್ಪಿಕೊಂಡು, ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಸಾಧ್ಯವೆಂದನು. ಅಭ್ಯಾಸವೆಂದರೆ ಒಂದೇ ದಿನ ಒಂದು ಮುಹೂರ್ತ ಕುಳಿತುಬಿಡುವುದಲ್ಲ. ಮನಸ್ಸು ಎಲ್ಲೆಲ್ಲಿಗೆ ಓಡುವುದೋ ಅಲ್ಲಲ್ಲಿಂದ ಮತ್ತೆ ಮತ್ತೆ ತಂದು ಕೂಡಿಸುವುದು. ಹೀಗೆ ತರುವ ಕೆಲಸವೇ ಅಭ್ಯಾಸ, ಓಡುವುದು ಅಪರಾಧವಲ್ಲ. ಇದನ್ನು ಅರಿಯದೆ ಎಷ್ಟೋ ಜನ ಮೊದಲ ವಾರದಲ್ಲಿಯೇ, "ನಮಗೆ ಧ್ಯಾನ ಹತ್ತುವುದಿಲ್ಲ" ಎಂದು ಎದ್ದುಬಿಡುತ್ತಾರೆ.

ಇಲ್ಲಿ ನಮ್ಮ ಸಿದ್ಧಾಂತದ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಇತ್ತೀಚೆಗೆ ನಗರಗಳಲ್ಲಿ ಯೋಗವೆಂದರೆ ಮನಸ್ಸನ್ನು ಬರಿದು ಮಾಡುವುದು, ಏನನ್ನೂ ಯೋಚಿಸದೆ ಹಗುರಾಗುವುದು ಎಂಬ ತಿಳಿವಳಿಕೆ ಹರಡಿದೆ. ವಿಶ್ವಸಂಸ್ಥೆಯು 2014ರಲ್ಲಿ ಜೂನ್ 21ನ್ನು ಯೋಗದಿನವೆಂದೂ 2024ರಲ್ಲಿ ಡಿಸೆಂಬರ್ 21ನ್ನು ಧ್ಯಾನದಿನವೆಂದೂ ಘೋಷಿಸಿತು. ಎರಡನೆಯದು ಧನುರ್ಮಾಸದ ಆರನೆಯ ದಿನದ ಸುಮಾರಿಗೆ ಬರುತ್ತದೆ, ಸಂತೋಷದ ವಿಷಯ. ಶರೀರವನ್ನು ಸಡಿಲಗೊಳಿಸಿ ಮಲಗುವ ಶವಾಸನವನ್ನಾಗಲಿ ಉಸಿರಿನ ನಿಯಮವನ್ನಾಗಲಿ ನಾನು ಹಳಿಯುವವನಲ್ಲ. ನನ್ನ ರಕ್ತದೊತ್ತಡಕ್ಕೆ ವೈದ್ಯರು ಹೇಳಿದ್ದೂ ಅದನ್ನೇ. ಆದರೆ ಶ್ರೀಮದಾಚಾರ್ಯರ ಮತದಲ್ಲಿ ಧ್ಯಾನಕ್ಕೆ ವಿಷಯ ಬೇಕು. ಶ್ರವಣದಿಂದ ತಿಳಿದು, ಮನನದಿಂದ ದೃಢಪಡಿಸಿಕೊಂಡ ಗುಣಪೂರ್ಣನಾದ ಶ್ರೀಹರಿಯ ರೂಪವೇ ಆ ವಿಷಯ. ಖಾಲಿ ಮನೆಗೆ ಯಾರೂ ಬೀಗ ಹಾಕಿ ಕಾಯುವುದಿಲ್ಲ. ಯಜಮಾನ ಒಳಗಿದ್ದಾನೆಂದೇ ಬಾಗಿಲಲ್ಲಿ ಕಾಯುವುದು. ಹೃದಯದಲ್ಲಿ ಬಿಂಬರೂಪಿಯಾಗಿ ಅವನಿರುವುದರಿಂದಲೇ ನಾವು ಸುಮ್ಮನೆ ಕುಳಿತುಕೊಳ್ಳುವುದಕ್ಕೆ ಅರ್ಥ.

ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ನಿದ್ರೆಯ ವಿಷಯವನ್ನು ಹೇಳುವಾಗ ಒಂದು ಹಕ್ಕಿಯ ದೃಷ್ಟಾಂತವಿದೆ. ಕಾಲಿಗೆ ದಾರ ಕಟ್ಟಿದ ಹಕ್ಕಿ ದಿಕ್ಕು ದಿಕ್ಕಿಗೆ ಹಾರಿ, ಎಲ್ಲಿಯೂ ನೆಲೆ ಕಾಣದೆ, ಕಡೆಗೆ ತನ್ನನ್ನು ಕಟ್ಟಿದ ಸ್ಥಳಕ್ಕೇ ಬಂದು ಕೂಡುತ್ತದೆ. ಶ್ರೀಮದಾಚಾರ್ಯರು ಭೇದವನ್ನು ತೋರಿಸುವ ದೃಷ್ಟಾಂತಗಳಲ್ಲಿ ಇದನ್ನು ಎಣಿಸಿದ್ದಾರೆ: ಹಕ್ಕಿ ಬಂದು ಕುಳಿತಿತೆಂದ ಮಾತ್ರಕ್ಕೆ ಹಕ್ಕಿಯೂ ಕಟ್ಟಿದ ಸ್ಥಳವೂ ಒಂದಾಗಲಿಲ್ಲ. ನಾನು ವಿದ್ಯಾರ್ಥಿದಶೆಯಲ್ಲಿ ಈ ಪ್ರಕರಣವನ್ನು ಓದಿದಾಗ ವಾದದ ಕಡೆಗೇ ಗಮನವಿತ್ತು. ಅದ್ವೈತಿಗಳಿಗೆ ಏನು ಉತ್ತರ ಹೇಳಬೇಕೆಂಬುದಷ್ಟೇ ಬೇಕಾಗಿತ್ತು. ಅರವತ್ತು ದಾಟಿದ ಮೇಲೆ ಅದೇ ದೃಷ್ಟಾಂತದಲ್ಲಿ ಹಕ್ಕಿಯ ದಣಿವು ಕಾಣಿಸಿತು. ದಾರವನ್ನು ಅದು ಬಂಧನವೆಂದು ಎಳೆದಾಡಿತು. ಕಡೆಗೆ ಅದನ್ನು ನೆಲೆಗೆ ಮರಳಿಸಿದ್ದು ಆ ದಾರವೇ. ಜೀವನು ಹಗಲೆಲ್ಲ ಹಾರಾಡಿ ರಾತ್ರಿ ಸುಷುಪ್ತಿಯಲ್ಲಿ ಪ್ರಾಜ್ಞನಾಮಕ ಭಗವಂತನಲ್ಲಿ ವಿಶ್ರಮಿಸುತ್ತಾನೆ. ಯಾವ ಸಾಧನೆಯೂ ಇಲ್ಲದವನಿಗೂ ಈ ಅನುಗ್ರಹ ನಿತ್ಯವೂ ಉಂಟು. ಆದರೆ ಆಗ ನಮಗೆ ಆ ಅರಿವಿಲ್ಲ. ಎಚ್ಚರದಲ್ಲಿದ್ದುಕೊಂಡು ಅದೇ ನೆಲೆಗೆ ಅರಿತು ಬರುವುದು ಧ್ಯಾನ.

ಇನ್ನು, ಕುಳಿತಾಗ ಏನು ಮಾಡಬೇಕು? ಮನೆಯಲ್ಲಿ ಹಿರಿಯರಿಂದ ಬಂದ ಮಂತ್ರ, ಗಾಯತ್ರೀ, ಅಷ್ಟಾಕ್ಷರ, ಉಪದೇಶವಾದದ್ದು ಏನಿದೆಯೋ ಅದು. ಉಪದೇಶವಿಲ್ಲದವರಿಗೆ ಹರಿನಾಮವಿದೆ. ಇದರ ಜೊತೆಗೆ ನನಗೆ ತುಂಬ ಉಪಕಾರ ಮಾಡಿದ ಒಂದು ಅನುಸಂಧಾನವನ್ನು ಹೇಳುತ್ತೇನೆ. ಪ್ರತಿಯೊಬ್ಬ ಜೀವನಲ್ಲಿಯೂ ಇದ್ದುಕೊಂಡು ಮುಖ್ಯಪ್ರಾಣದೇವರು ಶ್ವಾಸರೂಪವಾದ ಹಂಸಮಂತ್ರವನ್ನು ಹಗಲುರಾತ್ರಿ ಸೇರಿ 21,600 ಬಾರಿ ಜಪಿಸುತ್ತಾರೆ ಎಂಬುದು ನಮ್ಮ ಸಂಪ್ರದಾಯ; ಶ್ರೀರಾಘವೇಂದ್ರಗುರುಸಾರ್ವಭೌಮರ ಪ್ರಾತಃಸಂಕಲ್ಪಗದ್ಯವನ್ನು ನಿತ್ಯ ಪಠಿಸುವವರಿಗೆ ಈ ಸಂಖ್ಯೆ ಬಾಯಿಪಾಠ. ನಾನು ಲೆಕ್ಕದ ಮನುಷ್ಯ, ಭಾಗಿಸಿ ನೋಡಿದೆ. ನಿಮಿಷಕ್ಕೆ ಹದಿನೈದು. ಒಂದು ಮುಹೂರ್ತಕ್ಕೆ 720. ಸ್ವಸ್ಥನಾಗಿ ಕುಳಿತವನ ಉಸಿರು ಸುಮಾರಾಗಿ ಅಷ್ಟೇ. ನಾನು ಮಣೆಯ ಮೇಲೆ ಕುಳಿತು ಒದ್ದಾಡುತ್ತಿದ್ದಾಗಲೂ ನನ್ನೊಳಗೆ ಒಬ್ಬರು ಒಂದೂ ತಪ್ಪದೆ ಜಪ ಮಾಡುತ್ತಲೇ ಇದ್ದರು! ನಾನು ಕಂಟ್ರೋಲಿನಲ್ಲಿ ಕೂಗಾಡುತ್ತಿದ್ದಾಗಲೂ, ತಾಯಿಗೆ ಇಲ್ಲವೆಂದಾಗಲೂ ಅದು ನಿಂತಿರಲಿಲ್ಲ. ಇದು ಮನಸ್ಸಿಗೆ ನಾಟಿದ ದಿನ, ಧ್ಯಾನವನ್ನು ನಾನು ಮಾಡಿ ಮುಗಿಸಬೇಕು ಎಂಬ ಅಧಿಕಾರಿಯ ಹಟ ಸ್ವಲ್ಪ ಸಡಿಲವಾಯಿತು. ಸ್ವತಂತ್ರಕರ್ತೃತ್ವ ಶ್ರೀಹರಿಯೊಬ್ಬನದೇ, ಜೀವನ ಕರ್ತೃತ್ವ ಅವನ ಅಧೀನ ಎಂದು ಎಷ್ಟೋ ಸಭೆಗಳಲ್ಲಿ ಹೇಳಿದವನು ನಾನು. ಆ ಮಾತಿನಲ್ಲಿ ಎಂಥ ವಿಶ್ರಾಂತಿ ಅಡಗಿದೆಯೆಂಬುದು ತಿಳಿದದ್ದು ಮಾತ್ರ ಅಂದೇ. ನಡೆಯುತ್ತಿರುವ ಜಪದ ಪಕ್ಕದಲ್ಲಿ ಕೂಡುವುದಷ್ಟೇ ನನ್ನ ಕೆಲಸ. "ನನ್ನ ಬಾಜೂ ಒಂದ ಗಳಿಗಿ ಕೂಡೋ" ಎಂದು ತಾಯಿ ಹೇಳಿದ್ದೂ ಅಷ್ಟೇ ಅಲ್ಲವೆ?

ಆಸನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಉಪಾಸನೆಯನ್ನು ಕುಳಿತೇ ಮಾಡಬೇಕೆಂದು ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯ ನಿರ್ಣಯಿಸುತ್ತದೆ. ಮಲಗಿದರೆ ನಿದ್ರೆ, ನಿಂತರೆ ಮೈಯನ್ನು ಹೊರುವ ಚಿಂತೆ. ಸ್ಥಳದ ವಿಷಯದಲ್ಲಿ ಮಾತ್ರ ಸೂತ್ರಕಾರರು ಉದಾರರು: ಎಲ್ಲಿ ಏಕಾಗ್ರತೆ ಬರುವುದೋ ಅಲ್ಲಿ. ಒಂದೂವರೆ ಕೋಣೆಯ ಮನೆಯವರು ಇದನ್ನು ನೆನಪಿಡಬೇಕು. ಬಾಲ್ಕನಿ, ಅಡಿಗೆಮನೆಯ ಮೂಲೆ, ಮಲಗಿದ ಮಕ್ಕಳ ಕಾಲ ಬಳಿಯ ಜಾಗ, ಯಾವುದೂ ಆದೀತು. ಬೆನ್ನು, ಕುತ್ತಿಗೆ, ತಲೆ ನೆಟ್ಟಗಿರಲಿ; ಚಳಿಯಲ್ಲಿ ಬರಿಯ ಟೈಲ್ಸಿನ ಮೇಲೆ ಕೂಡದೆ ಮಣೆ ಅಥವಾ ಕಂಬಳಿಯ ಚೂರನ್ನು ಹಾಕಿಕೊಳ್ಳಲಿ. ಮೊಣಕಾಲು ಕೈಕೊಟ್ಟವರು ಕುರ್ಚಿಯಲ್ಲಿ ಕುಳಿತರೆ ದೋಷವೆಂದು ನನಗೆ ತೋರುವುದಿಲ್ಲ; ಮೊದಲ ವರ್ಷ ನಾನೂ ಹಾಗೆ ಕೆಲವು ದಿನ ಕುಳಿತಿದ್ದೇನೆ.

ಆಹಾರದ ಮಾತು ಸ್ವಲ್ಪ ವಿಸ್ತರಿಸಬೇಕು. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ಮಲಗದೆ ಇರುವವನಿಗೂ ಯೋಗವಿಲ್ಲವೆಂದು ಗೀತೆ ಹೇಳುತ್ತದೆ. ಧನುರ್ಮಾಸದಲ್ಲಿ ಬೇಗ ಏಳಬೇಕಾದವನು ಬೇಗ ಮಲಗಬೇಕು. ಇಷ್ಟು ಸರಳವಾದ ಸಂಗತಿಯನ್ನು ನಾವು ಮರೆಯುತ್ತೇವೆ. ರಾತ್ರಿ ಹನ್ನೆರಡರವರೆಗೆ ಮೊಬೈಲು ನೋಡಿ ಐದಕ್ಕೆ ಎದ್ದರೆ ಅದು ವ್ರತವಲ್ಲ, ದೇಹದಂಡನೆ. ಮಾರ್ಗಶೀರ್ಷ ಮತ್ತು ಪುಷ್ಯಮಾಸಗಳು ಸೇರಿ ಹೇಮಂತ ಋತು. ಹೊರಗಿನ ಶೀತದಿಂದ ಜಠರಾಗ್ನಿ ಒಳಗೇ ತಡೆಯಲ್ಪಟ್ಟು ಈ ಋತುವಿನಲ್ಲಿ ಪ್ರಬಲವಾಗುತ್ತದೆ, ಅದಕ್ಕೆ ಸ್ನಿಗ್ಧವಾದ ಆಹಾರ ಕೊಡದಿದ್ದರೆ ಅದು ದೇಹವನ್ನೇ ಶೋಷಿಸುತ್ತದೆ ಎಂದು ಆಯುರ್ವೇದದ ಮತ. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ಕೊಬ್ಬರಿ, ಧಾರಾಳವಾಗಿ ತುಪ್ಪ ಹಾಕಿದ ಮುದ್ಗಾನ್ನ ಈ ಮಾಸದ ನೈವೇದ್ಯವಾಗಿರುವುದನ್ನು ನೋಡಿದರೆ ಹಿರಿಯರ ವಿವೇಕ ತಿಳಿಯುತ್ತದೆ. ನೈವೇದ್ಯಕ್ಕೆ ಮೊದಲು ಹೊಟ್ಟೆ ಖಾಲಿ, ಅನಂತರ ಬಿಸಿಯಾದ ಪ್ರಸಾದ. ಧ್ಯಾನಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ಬೇಕಿಲ್ಲ.

ಆದರೆ ಈ ಹುಗ್ಗಿಯನ್ನು ಮಾಡುವವರು ಯಾರು? ನಮ್ಮ ಎಷ್ಟೋ ಮನೆಗಳಲ್ಲಿ ಯಜಮಾನರು ಐದೂವರೆಗೆ ಎದ್ದು ಕಣ್ಣು ಮುಚ್ಚಿ ಕುಳಿತಿರುತ್ತಾರೆ; ಮನೆಯಾಕೆ ನಾಲ್ಕಕ್ಕೆ ಎದ್ದು, ಮಡಿಯಲ್ಲಿ ನೈವೇದ್ಯ ಮಾಡಿ, ಅದೇ ಕೈಯಲ್ಲಿ ಮಕ್ಕಳ ಡಬ್ಬಿ ತುಂಬಿ, ತಾನೂ ಆಫೀಸಿಗೆ ಓಡುತ್ತಾಳೆ. ಇಂಥ ಧ್ಯಾನದ ಬಗ್ಗೆ ನನಗೆ ಗೌರವವಿಲ್ಲ. ದೇವರ ನೈವೇದ್ಯವನ್ನು ಮಡಿಯಲ್ಲಿ ಗಂಡಸರು ಮಾಡುವುದು ನಮ್ಮ ಮಠಗಳಲ್ಲಿ ನಿತ್ಯ ನಡೆದಿರುವ ಕ್ರಮ. ಅದು ಮನೆಗಳಲ್ಲಿ ಮಾತ್ರ ಅಪಮಾನವಾಗುವುದು ಹೇಗೆ? ಈಗ ಆರು ವರ್ಷಗಳಿಂದ ನಮ್ಮ ಮನೆಯಲ್ಲಿ ಧನುರ್ಮಾಸದ ಹುಗ್ಗಿ ನನ್ನದು. ಮೊದಲ ವಾರ ತಳ ಹಿಡಿಯಿತು. ನನ್ನ ಪತ್ನಿ ಆ ಹೊತ್ತಿನಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ನಲವತ್ತು ವರ್ಷಗಳ ಸಂಸಾರದಲ್ಲಿ ಬೆಳಗಿನ ಹೊತ್ತು ಆಕೆ ಸುಮ್ಮನೆ ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ರೇಲ್ವೆಯ ಒಂದು ಮಾತು ಇಲ್ಲಿ ಹೇಳಿದರೆ ಅಪ್ರಸ್ತುತವಾಗಲಾರದು. ಮುಂಬಯಿಯವರಿಗೆಲ್ಲ ಭಾನುವಾರದ ಮೆಗಾ ಬ್ಲಾಕ್ ಗೊತ್ತು. ಎಲ್ಲರೂ ಅದನ್ನು ಶಪಿಸುವವರೇ. ಒಳಗಿನ ಸಂಗತಿಯೇನೆಂದರೆ ಗಾಡಿ ಓಡಿಸುವ ನಮ್ಮ ವಿಭಾಗದವರೂ ಅದನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆವು. ಹಳಿಯ ಇಂಜಿನಿಯರು ಎರಡು ಗಂಟೆ ಬ್ಲಾಕ್ ಕೇಳಿದರೆ ನಾನು ಒಂದು ಗಂಟೆ ಕೊಡುತ್ತಿದ್ದೆ. ಗಾಡಿಗಳು ತಡವಾದರೆ ಮುಂದಿನ ವಾರಕ್ಕೆ ತಳ್ಳುತ್ತಿದ್ದೆ. ಗಾಡಿ ಓಡುವುದೇ ಕೆಲಸ, ನಿಲ್ಲಿಸುವುದು ನಷ್ಟ ಎಂಬ ಲೆಕ್ಕ. ಚಳಿಗಾಲದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಉದ್ದಕ್ಕೂ ಬೆಸೆದ ಹಳಿಗಳು ಚಳಿಗೆ ಸಂಕುಚಿಸಲು ಹವಣಿಸಿ, ಸಂಕುಚಿಸಲು ಎಡೆಯಿಲ್ಲದೆ ಬಿಗಿದುಕೊಳ್ಳುತ್ತವೆ. ಎಲ್ಲಿ ಒಳಗೆ ದೋಷವಿದೆಯೋ ಅಲ್ಲಿ ಬೆಳಗಿನ ಜಾವದಲ್ಲಿ ಬಿರುಕು ಬಿಡುತ್ತದೆ. ಅದಕ್ಕಾಗಿಯೇ ಚಳಿಗಾಲದ ರಾತ್ರಿಗಳಲ್ಲಿ ಟ್ರ್ಯಾಕ್‌ಮನ್ನುಗಳು ಕೈದೀಪ ಹಿಡಿದು ಹಳಿಯ ಉದ್ದಕ್ಕೂ ನಡೆದು ನೋಡುತ್ತಾರೆ. ಬೇಸಗೆಯಲ್ಲಿ ಕಾಣದ ದೋಷ ಚಳಿಯಲ್ಲಿ ಕಾಣುತ್ತದೆ. ಬೆಳಗಿನ ಜಾವದ ನಿಶ್ಶಬ್ದದಲ್ಲಿ ಕುಳಿತಾಗ ನನಗೂ ನನ್ನ ಹಳೆಯ ಬಿರುಕುಗಳು ಕಂಡವು: ಯಾರಿಗೋ ಆಡಿದ ಮಾತು, ಆಡದೆ ಬಿಟ್ಟ ಮಾತು, ಬಾಗಿಲಲ್ಲಿ ನಿಂತ ತಾಯಿ. ಧ್ಯಾನಕ್ಕೆ ಕುಳಿತರೆ ಮೊದಲು ಶಾಂತಿ ಸಿಗುವುದಿಲ್ಲ, ಇವೇ ಸಿಗುತ್ತವೆ ಎಂಬುದನ್ನು ಹೊಸಬರಿಗೆ ಮುಂಚಿತವಾಗಿ ಹೇಳುವುದು ಒಳ್ಳೆಯದು. ಅವುಗಳನ್ನು ಭಗವಂತನ ಮುಂದಿಟ್ಟು ಮತ್ತೆ ಜಪಕ್ಕೆ ಮರಳಬೇಕು.

"ನಿತ್ಯ ಒಂದು ಮುಹೂರ್ತದಿಂದ ಏನಾದೀತು?" ಎಂದು ಕೇಳುವವರಿಗೆ ಭಾಗವತದಲ್ಲಿ ಶುಕಾಚಾರ್ಯರು ಪರೀಕ್ಷಿತನಿಗೆ ಹೇಳಿದ ಖಟ್ವಾಂಗರಾಜನ ಕಥೆಯಿದೆ. ಅವನು ದೇವತೆಗಳ ಪಕ್ಷದಲ್ಲಿ ಯುದ್ಧ ಮಾಡಿ ಗೆದ್ದವನು. ವರವನ್ನು ಬೇಡೆಂದಾಗ ತನ್ನ ಆಯುಷ್ಯ ಎಷ್ಟು ಉಳಿದಿದೆಯೆಂದು ಕೇಳಿದನು. ಒಂದೇ ಮುಹೂರ್ತವೆಂದು ತಿಳಿಯಿತು. ಸ್ವರ್ಗದ ಭೋಗದಲ್ಲಿ ಆ 48 ನಿಮಿಷಗಳನ್ನು ಕಳೆಯದೆ ಕೂಡಲೇ ಭೂಮಿಗೆ ಮರಳಿ, ಎಲ್ಲವನ್ನೂ ಬಿಟ್ಟು ಹರಿಯಲ್ಲಿ ಮನಸ್ಸಿಟ್ಟು ಅವನನ್ನು ಸೇರಿದನು. ಪರೀಕ್ಷಿತನಿಗೆ ಏಳು ದಿನಗಳಿದ್ದವು. ಏಳು ದಿನ ಸಾಲದೆಂದು ಅವನು ಹೆದರಬಾರದೆಂದೇ ಶುಕರು ಈ ಕಥೆಯನ್ನು ಹೇಳಿದರು. ನಮಗೆ ಎಷ್ಟು ಉಳಿದಿದೆಯೆಂದು ಯಾವ ದೇವತೆಯೂ ಬಂದು ಹೇಳುವುದಿಲ್ಲ. ನನ್ನ ಜೊತೆ ಸೇವೆಗೆ ಸೇರಿದ ಸ್ನೇಹಿತರೊಬ್ಬರು ನಿವೃತ್ತಿಯ ನಂತರ ಮಂತ್ರಾಲಯದಲ್ಲಿಯೇ ಇದ್ದುಬಿಡುವೆನೆನ್ನುತ್ತಿದ್ದರು. ಐವತ್ತೆಂಟನೆಯ ವರ್ಷದಲ್ಲಿ, ಕಚೇರಿಯ ಮೆಟ್ಟಿಲ ಮೇಲೆ ತೀರಿಕೊಂಡರು.

ಚಳಿಗೂ ನಿಶ್ಚಲತೆಗೂ ನಮ್ಮ ಸಂಪ್ರದಾಯದಲ್ಲಿ ಹಳೆಯ ಸಂಬಂಧವಿದೆ. ಶ್ರೀಮದಾಚಾರ್ಯರು ಬದರಿಯಲ್ಲಿ, ಗಂಗೆಯ ಹಿಮದಂಥ ನೀರಿನಲ್ಲಿ ಸ್ನಾನ ಮಾಡುತ್ತ, 48 ದಿನಗಳ ಕಾಲ ಉಪವಾಸವಿದ್ದು ಕಾಷ್ಠಮೌನವನ್ನು ಆಚರಿಸಿ, ಅನಂತರ ವೇದವ್ಯಾಸರ ಆಶ್ರಮಕ್ಕೆ ತೆರಳಿದ ಪ್ರಸಂಗ ಸುಮಧ್ವವಿಜಯದಲ್ಲಿ ಬರುತ್ತದೆ. ಇಂದಿಗೂ ಹಿಮ ಬೀಳುವ ಆರು ತಿಂಗಳು ಬದರೀನಾಥನ ದೇವಾಲಯದ ಬಾಗಿಲು ಮುಚ್ಚಿರುತ್ತದೆ. ಆಗ ಪೂಜೆ ನಿಂತಿತೆಂದು ಯಾರೂ ಹೇಳುವುದಿಲ್ಲ. ನಾರದರೇ ಬಂದು ಪೂಜಿಸುತ್ತಾರೆಂದು ಹೇಳುತ್ತಾರೆ.

ಕಡೆಗೆ ಭೀಷ್ಮಾಚಾರ್ಯರ ಪ್ರಸಂಗವನ್ನು ಹೇಳದೆ ಈ ಲೇಖನವನ್ನು ಮುಗಿಸಲು ಮನಸ್ಸಾಗದು. ಯುದ್ಧದ ಹತ್ತನೆಯ ದಿನ ಅವರು ಬಿದ್ದಾಗ ದಕ್ಷಿಣಾಯನ. ಉತ್ತರಾಯಣ ಬರುವವರೆಗೆ ಪ್ರಾಣವನ್ನು ಧರಿಸಿ, ಆ ಹೇಮಂತದ ಚಳಿಯಲ್ಲಿ, ಬಯಲಿನಲ್ಲಿ, ಬಾಣಗಳ ಮೇಲೆ 58 ರಾತ್ರಿಗಳನ್ನು ಕಳೆದರು. ಜೀವನವಿಡೀ ರಾಜ್ಯದ ಭಾರ ಹೊತ್ತು ಒಂದು ದಿನವೂ ಕೂಡಲು ಸಮಯವಿಲ್ಲದವರು ಅವರು; ಅವರಿಗೆ ಸಮಯ ಸಿಕ್ಕಿದ್ದು ಅಲ್ಲಿ. ಆಗಿನ ಒಂದು ಬೆಳಗ್ಗೆ ಧರ್ಮರಾಜನು ಶ್ರೀಕೃಷ್ಣನ ಬಳಿಗೆ ಬಂದು, ರಾತ್ರಿ ಸುಖವಾಗಿ ಕಳೆಯಿತೆ ಎಂದು ಕುಶಲ ಕೇಳಿದನು. ಉತ್ತರ ಬರಲಿಲ್ಲ. ಕೃಷ್ಣನು ಅಲುಗದೆ ಧ್ಯಾನದಲ್ಲಿ ಕುಳಿತಿದ್ದನು. ಎಲ್ಲರೂ ಯಾರನ್ನು ಧ್ಯಾನಿಸುವರೋ ಅವನು ಯಾರನ್ನು ಧ್ಯಾನಿಸುತ್ತಿರಬಹುದೆಂದು ಧರ್ಮರಾಜನಿಗೆ ಆಶ್ಚರ್ಯ. ಕೇಳಿದಾಗ ಭಗವಂತನು ಹೇಳಿದನು: ಬಾಣಗಳ ಮೇಲೆ ಮಲಗಿರುವ ಭೀಷ್ಮನು ನನ್ನನ್ನು ನೆನೆಯುತ್ತಿದ್ದಾನೆ; ಆದ್ದರಿಂದ ನನ್ನ ಮನಸ್ಸು ಅಲ್ಲಿಗೆ ಹೋಗಿತ್ತು. ಪೂರ್ಣಕಾಮನಾದ ಅವನಿಗೆ ಧ್ಯಾನದಿಂದ ಪಡೆಯಬೇಕಾದದ್ದೇನೂ ಇಲ್ಲ. ಆದರೂ ಒಬ್ಬ ಭಕ್ತ ಚಳಿಯಲ್ಲಿ ಅಲುಗದೆ ಮಲಗಿ ನೆನೆದಾಗ ಇವನೂ ಇಲ್ಲಿ ಅಲುಗದೆ ಕುಳಿತನು.

ಆ ತರುಣರ ಹೆಸರು ನನಗೆ ತಿಳಿಯದು. ಅವರು ಈ ಪತ್ರಿಕೆಯನ್ನು ಓದುವರೋ ಇಲ್ಲವೋ. ಓದಿದರೆ, ಬರುವ ಧನುರ್ಮಾಸದಲ್ಲಿ ಮಂಗಳಾರತಿಗೆ ಒಂದು ಘಳಿಗೆ ಮುಂಚಿತವಾಗಿ ಬರಲೆಂದು ನನ್ನ ಪ್ರಾರ್ಥನೆ. ಮಠದಲ್ಲಿ ಬೃಂದಾವನದ ಎಡಭಾಗದ ಕಂಬದ ಬಳಿ ನಾನು ಮಣೆ ಹಾಕಿಕೊಂಡು ಕುಳಿತಿರುತ್ತೇನೆ, ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿರುತ್ತೇನೆ. ಅವರ ಲೋಕಲ್ ತಪ್ಪುವುದಿಲ್ಲ. ಟೈಮ್‌ಟೇಬಲ್ ನೋಡಿಯೇ ಹೇಳುತ್ತಿದ್ದೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥